ಜವಳದ ಎರಡು ತಿಂಗಳು

ಕಾಂದಿವಲಿ, ಮುಂಬಯಿ
೧೪ ನವೆಂಬರ್ ೨೦೨೫

ಪ್ರೀತಿಯ ಗುರುಬಸಣ್ಣನಿಗೆ ತಂಗಿ ಶುಭಾಂಗಿಯ ನಮಸ್ಕಾರ.

ಎಲ್ಲರೂ ಆರಾಮ ಇದ್ದೇವೆ. ಈ ಸಲ ಈ ಮಾತು ನಿಜ. ಫೋನ್ ಇದ್ದೂ ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಿ ಸುಳ್ಳು ಹೇಳುವುದು ನನಗೆ ರೂಢಿಯಾಗಿದೆ, ಕಾಗದದಲ್ಲಿ ಇನ್ನೂ ಕೈ ಕುದುರಿಲ್ಲ.

ಮಂಗಳವಾರ ಸ್ನೇಹಲ್‌ಳನ್ನು ವರ್ಷದ ತಪಾಸಣೆಗೆ ಪರೇಲಿನ ಆಸ್ಪತ್ರೆಗೆ ಕರೆದೊಯ್ದಿದ್ದೆ. ರಕ್ತ ಸರಿ, ಲಿವರ್ ಸರಿ, ಎದೆಯ ಸ್ಕ್ಯಾನ್ ಸರಿ. ನಿನ್ನ ಸೊಸೆಗೀಗ ಹದಿನಾಲ್ಕು, ನನಗಿಂತ ಎರಡು ಬೆರಳು ಎತ್ತರ. ಚಿಕ್ಕವಳಿದ್ದಾಗ ಅವಳಿಗೆಂದು ನಾನು ಕಟ್ಟಿದ "ಸೂಜಿ ಸೂಜಿ, ಆಗೋಣ ರಾಜಿ" ಪದವನ್ನು ಈಗ ನರ್ಸಮ್ಮಂದಿರಿಗೆ ಅವಳೇ ಹೇಳಿಕೊಡುತ್ತಾಳೆ, ಹಿಂದಿ ಅರ್ಥ ಸಹಿತ. ಕೀಮೋದಿಂದ ಕಿವಿ ಮಂದವಾದದ್ದಕ್ಕೆ ಹಾಕಿಸಿದ ಮಷಿನ್ನನ್ನು, ನಾನು ಬೈಯಲು ಬಾಯಿ ತೆರೆದ ಕೂಡಲೇ ಕಳಚಿಡುತ್ತಾಳೆ. ಅವಳಿಗೆ ರಜೆ, ನನಗೆ ಸಜೆ.

ಈ ಸಲದ ಡಾಕ್ಟರು ಹೊಸಬರು. ಹಳೆಯ ಫೈಲನ್ನು ಅವಳ ಮುಂದೆಯೇ ಓದಿದರು. ಎರಡನೇ ವಯಸ್ಸಿಗೆ ಲಿವರ್ ಕ್ಯಾನ್ಸರ್, ಕೀಮೋ, ಆಪರೇಷನ್. ಆಮೇಲೆ ತಿಂಗಳಿಗೊಮ್ಮೆ ರಕ್ತಪರೀಕ್ಷೆ. ನಡುವೆ ಎರಡು ತಿಂಗಳು ಖಾಲಿ. ಅದರ ಮುಂದಿನ ಪುಟದಲ್ಲೇ ಶ್ವಾಸಕೋಶದಲ್ಲಿ ಮೂರು ಗಂಟು. ಮತ್ತೆ ಕೀಮೋ, ಮತ್ತೆ ಆಪರೇಷನ್.

ಲೋಕಲ್‌ನಲ್ಲಿ ಸೀಟು ಸಿಕ್ಕ ಮೇಲೆ ಮಗಳು ಕೇಳಿದಳು: "ಅಮ್ಮಾ, ಆ ದೋ ಮಹಿನಾ ಟೆಸ್ಟ್ ಯಾಕ ಮಾಡ್ಸಿಲ್ಲ?" ನಿನ್ನ ಜವಳವಿತ್ತು, ಊರಿಗೆ ಹೋಗಿದ್ದೆವು ಎಂದೆ. "ಪಪ್ಪಾ ಅಂತಾರಲ್ಲ, ಮಾಮಾನ ಗಲ್ತಿ ಅಂತ. ಖರೇನ?"

ಅಂಧೇರಿ ಬಂತು, ಜೋಗೇಶ್ವರಿ ಬಂತು, ನಾನು ಫೈಲಿನ ದಾರ ಬಿಚ್ಚಿ ಕಟ್ಟುತ್ತಲೇ ಇದ್ದೆ.

ನಿನಗೆ ಎಲ್ಲ ನೆನಪಿರುತ್ತದೆ. ಅವಳ ಹುಟ್ಟುಗೂದಲು ಆಸ್ಪತ್ರೆಯ ದಿಂಬಿನ ಮೇಲೆ ಉದುರಿಹೋಗಿತ್ತು. ಉದುರಿದ್ದು ಜವಳವಲ್ಲ, ಸೋದರಮಾವ ಕತ್ತರಿ ಇಟ್ಟರೇ ಜವಳ ಎಂದು ಅವ್ವ ಹಟ ಹಿಡಿದಳು. ನೀನು ದಿನ ಗೊತ್ತು ಮಾಡಿದೆ. ಬೈಲಹೊಂಗಲಕ್ಕೆ ಬಂದು ನೋಡಿದರೆ, ಕತ್ತರಿಗೆ ಸಿಗುವಷ್ಟು ಕೂದಲೇ ಇಲ್ಲ. ಬೆಳೆಯಲಿ ಎಂದು ಇನ್ನೂ ಒಂದು ತಿಂಗಳು ಕಾಯ್ದೆವು. ದೇವರೂ ಕಾಯ್ದ, ರೋಗ ಕಾಯಲಿಲ್ಲ.

ನಾವು ಹೊರಡುವ ಮೊದಲು ನೀನು ಫೋನಿನಲ್ಲಿ, "ಡಾಕ್ಟರ್ ಹೂಂ ಅಂದಾರೇನವಾ?" ಎಂದು ಕೇಳಿದ್ದೆ. "ಅಂದಾರ, ಬರ್ತೀವಿ" ಎಂದೆ.

ಅಣ್ಣ, ನಾನು ಡಾಕ್ಟರನ್ನು ಕೇಳಿರಲೇ ಇಲ್ಲ. ಕೇಳಿದರೆ ಬೇಡ ಅನ್ನುತ್ತಾರೆಂದು ಗೊತ್ತಿತ್ತು. ತಿಂಗಳಿಗೊಮ್ಮೆ ಆ ವರದಿಯ ಅಂಕಿ ನೋಡಿ ನೋಡಿ ಸಾಕಾಗಿತ್ತು. ಎರಡು ತಿಂಗಳು ನಿಮ್ಮ ಅಂಗಳದಲ್ಲಿ ಬರೀ ತಾಯಿಯಾಗಿ ಇರಬೇಕೆನಿಸಿತ್ತು. ಜವಳ ಅವ್ವನಿಗೆ ಹರಕೆ, ನನಗೆ ನೆಪ.

ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಮನೆಯವರು ಎಲ್ಲರೆದುರು ನಿನಗೆ, "ನಿಮ್ಮ ಜವಳಾ ನನ್ನ ಮಗಳನ್ನ ತಿಂತು" ಎಂದರು. ನೀನು ಒಮ್ಮೆ ನನ್ನ ಕಡೆ ನೋಡಿದೆ. ನಿಮ್ಮ ಹೆಂಡತಿಯನ್ನೇ ಕೇಳಿ ಎನ್ನಬಹುದಿತ್ತು. ಅನ್ನಲಿಲ್ಲ, ತಲೆ ತಗ್ಗಿಸಿ ಹೊರಟೆ. ನಾನು ಗೋಡೆಗೆ ಆತು ನಿಂತೇ ಇದ್ದೆ. ಹನ್ನೊಂದು ವರ್ಷವಾಯಿತು, ನೀನು ಈ ಮನೆಗೆ ಬಂದಿಲ್ಲ. ಕೇಳಿದರೆ ಅಂಗಡಿ ಬಿಟ್ಟು ಬರಲಾಗದು ಅನ್ನುತ್ತೀ. ನಾನೂ ನಂಬಿದಂತೆ ಮಾಡುತ್ತೇನೆ.

ಹೊಸ ಡಾಕ್ಟರನ್ನು ಬದಿಗೆ ಕರೆದು ಕೇಳಿದ್ದೆ. ರೋಗ ಹೇಗೂ ಮರಳಿ ಬರುತ್ತಿತ್ತು, ಸ್ವಲ್ಪ ಬೇಗ ಗೊತ್ತಾಗುತ್ತಿತ್ತು, ಅಷ್ಟೆ ಎಂದರು. ಆ 'ಅಷ್ಟೆ'ಯನ್ನು ನಾನು ಇಟ್ಟುಕೊಳ್ಳುತ್ತೇನೆ. ಅದರಲ್ಲಿ ನಿನ್ನ ಪಾಲಿಲ್ಲ.

ಮಲಾಡ್ ದಾಟುವಾಗ ಮಗಳಿಗೆ ಎಲ್ಲ ಹೇಳಿದೆ. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. "ಇದು ಮಾಮಾಗ ಹೇಳೀಯೇನು?" ಎಂದಳು. ಅದಕ್ಕೇ ಈ ಕಾಗದ.

ಬಾ ಎಂದು ಕರೆಯುವ ಮುಖ ನನಗಿಲ್ಲ. ಬಂದರೆ ಬಾಗಿಲು ತೆರೆಯಲು ಸ್ನೇಹಲ್ ಇದ್ದಾಳೆ.

ಇಂತಿ ನಿನ್ನ ತಂಗಿ,
ಶುಭಾ

ತಾ.ಕ.: ಪಾಕೀಟಿನ ಮೇಲಿನ ಅಕ್ಷರ ನೋಡಿ ಗಾಬರಿಯಾಗಬೇಡ. ಅದು ಮನೆಯವರದು. ಕಾಗದವನ್ನು ಮೊದಲು ಅವರಿಗೇ ಕೊಟ್ಟೆ. ನಾನು ಡಾಕ್ಟರನ್ನು ಕೇಳಿರಲಿಲ್ಲವೆಂದು ಅವರಿಗೂ ಇಂದಿನವರೆಗೆ ಗೊತ್ತಿರಲಿಲ್ಲ. ಓದಿ ಮಡಚಿದರು, ಮತ್ತೆ ಬಿಚ್ಚಿ ಓದಿದರು. ಆಮೇಲೆ, "ಅಂವಾ ಅವತ್ತ ಒಂದ್ ಮಾತೂ ಆಡಲಿಲ್ಲಲ್ಲ" ಎಂದು ಪೆನ್ನು ಕೇಳಿ, ನಿನ್ನ ವಿಳಾಸ ತಾವೇ ಬರೆದರು. ಪಿನ್‌ಕೋಡನ್ನೂ ಎಲ್ಲೂ ನೋಡದೆ ಬರೆದರು.