ಮಗನ ಸಂಬಳಕ್ಕೆ ಬಂದ ಆದೇಶ

ಲಾಂಡ್ರಿಯಿಂದ,
ಶುಕ್ರವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಸೊಸೆಗೆ, ಅಲ್ಲ, ಮಗಳಿಗೆ,

ಹೇಗಿದ್ದೀಯಮ್ಮಾ? ಬೆನ್ನುನೋವು ಕಡಿಮೆಯಾಯಿತೇ? ಪುಟ್ಟಿಯ ಅಲ್ಲಾಡುತ್ತಿದ್ದ ಹಲ್ಲು ಬಿತ್ತೇ? ನನ್ನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಸುದ್ದಿ ಹೇಳುವ ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕಾಗೆ ಕಾಲಾದರೆ ನಗಬೇಡ.

ಮಂಗಳವಾರ ಕೋರ್ಟಿನಿಂದ ಲಕೋಟೆ ಬಂತು. ನಿನಗೂ ಪುಟ್ಟಿಗೂ ಸಲ್ಲಬೇಕಾದ ಜೀವನಾಂಶವಾಗಿ ನಿನ್ನ ಗಂಡನ ಸಂಬಳದಲ್ಲಿ ಮೂರನೇ ಒಂದು ಪಾಲು ಹಿಡಿದು, ತಿಂಗಳು ತಿಂಗಳೂ ಕಟ್ಟಬೇಕೆಂದು ಅಂಗಡಿಯ ಯಜಮಾನರಿಗೆ ಆದೇಶ. ಯಜಮಾನಿ ಯಾರು? ನಾನೇ ತಾನೇ! ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದ ಮಗನಿಗೆ ಓದಿ ಹೇಳಿದೆ. ಮುಖ ಊದಿಸಿಕೊಂಡು, ಲೆಕ್ಕದ ಪುಸ್ತಕದಲ್ಲಿರುವ ಸಂಬಳವನ್ನೇ ಕೋರ್ಟಿಗೆ ತೋರಿಸು ಎಂದ. ನನ್ನ ಪದ್ಧತಿ ನಿನಗೆ ಗೊತ್ತಲ್ಲ, ಅರ್ಧ ಸಂಬಳ ಪುಸ್ತಕಕ್ಕೆ, ಇನ್ನರ್ಧ ತಾಯಿಯ ಕೈಯಿಂದ ಮಗನ ಜೇಬಿಗೆ. ಇಷ್ಟು ವರ್ಷ ಅದನ್ನು ಮಮತೆ ಎಂದುಕೊಂಡಿದ್ದೆ. ಅದರಿಂದ ಪುಟ್ಟಿಯ ಪಾಲೂ ಅರ್ಧವಾಗುತ್ತದೆ ಎಂದು ಆಗ ಹೊಳೆದು, ನಾಚಿಕೆಯಾಯಿತು.

ಮರುದಿನ ಅಂಗಡಿಗೆ ಬೀಗ ಹಾಕಿ ಕೋರ್ಟಿಗೇ ಹೋದೆ. ಅಲ್ಲಿನ ಗುಮಾಸ್ತೆ ತಾಳ್ಮೆಯವಳು, ಎಲ್ಲ ಬಿಡಿಸಿ ಹೇಳಿದಳು. ಆದೇಶದಲ್ಲಿದ್ದಷ್ಟೇ ಹಿಡಿಯಬೇಕು, ಗಡುವಿನೊಳಗೆ ಕಟ್ಟಬೇಕು, ನಾನು ತಪ್ಪಿದರೆ ಆ ಹಣ ನನ್ನ ತಲೆಗೇ ಬರುತ್ತದಂತೆ. ಇದೇ ಕಾರಣಕ್ಕೆ ಅವನನ್ನು ಕೆಲಸದಿಂದ ತೆಗೆಯುವಂತೆಯೂ ಇಲ್ಲವಂತೆ. ಅವನಿಗೆ ಈ ಮಾತು ಹೇಳಲು ಓಡೋಡಿ ಬಂದೆ, ಏಕೆಂದರೆ ನಮ್ಮ ಮಹಾರಾಯ ತನ್ನನ್ನು ಕೆಲಸದಿಂದ ತೆಗೆದುಬಿಡು, ಆಗ ಹಿಡಿಯಲು ಸಂಬಳವೇ ಇರುವುದಿಲ್ಲ ಎಂದು ಹಟ ಹಿಡಿದಿದ್ದ. ಮನೆಯಲ್ಲಿ ನೀನು ಮಗ, ಇಲ್ಲಿ ಕೆಲಸಗಾರ ಎಂದು ಖಡಾಖಂಡಿತವಾಗಿ ಹೇಳಿದೆ. ಅಂದಿನಿಂದ ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆಯದೇ ದಡಬಡ.

ಇವತ್ತು ಕೋರ್ಟಿನ ನಮೂನೆ ತುಂಬಿದೆ. ಎರಡೂ ಅರ್ಧಗಳನ್ನು ಕೂಡಿಸಿ ಪೂರ್ತಿ ಸಂಬಳ ಬರೆದಿದ್ದೇನೆ. ಕಚೇರಿ ಮುಚ್ಚುವ ಮೊದಲು ಕೊಟ್ಟು ಬರಬೇಕು. ನೀನು ವಾಪಸ್ ಬರಲೆಂದು ಇದನ್ನೆಲ್ಲ ಮಾಡುತ್ತಿಲ್ಲ ಮಗಳೇ. ನಿಮ್ಮದು ನಿಮಗೆ ಸೇರಲಿ, ಅಷ್ಟೇ.

ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು, ನಿನ್ನ ತಲೆಯ ಮೇಲೆ ನನ್ನ ಕೈ.

ನಿನ್ನ ಅತ್ತೆ

ತಾಳು, ಇನ್ನೊಂದು: ಲಕೋಟೆ ಅಂಟಿಸುವಷ್ಟರಲ್ಲಿ ಅವನು ಬಂದು ನಮೂನೆ ಎತ್ತಿಕೊಂಡ. ಹರಿದೇಬಿಡುತ್ತಾನೆಂದು ನನ್ನ ಜೀವ ಬಾಯಿಗೆ ಬಂತು. ಪೂರ್ತಿ ಓದಿ, "ಅಮ್ಮಾ, ಭಾನುವಾರದ ಕೂಲಿ ಬಿಟ್ಟಿದ್ದೀಯಲ್ಲ" ಅಂದ. ತಾನೇ ಪೆನ್ನು ತೆಗೆದು ಸೇರಿಸಿದ. ನಾನು ಯಜಮಾನಿ ಎನ್ನುವುದನ್ನು ಮರೆತು ಅತ್ತುಬಿಟ್ಟೆ.