ಕೂಸನ್ನು ತಿರುಗಾಡಿಸಿದ ಭಾನುವಾರ

ಹಳದೀಪುರ
೨೯ ಜನವರಿ ೨೦೨೫

ಪ್ರೀತಿಯ ಬೆಳ್ಳಿ,

ಕಾರವಾರದಲ್ಲಿ ನೀನೂ ಮಕ್ಕಳೂ ಸೌಖ್ಯವೆಂದು ನಂಬಿದ್ದೇನೆ. ನೀನು ಇಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಸಿಟ್ಟು ಮಾಡಿಕೊಳ್ಳಬೇಡ. ನಮ್ಮ ಮನೆಯಲ್ಲಿ ಫೋನಿನಲ್ಲಿ ಆಡಿದ ಮಾತು ಅಮ್ಮನ ಕಿವಿಗೆ ಬೀಳದೆ ಇರುವುದಿಲ್ಲ. ಅಮ್ಮನಿಗೆ ಕೇಳಿಸುವಂಥ ಮಾತು ಸದ್ಯಕ್ಕೆ ನನ್ನಲ್ಲಿ ಒಂದೂ ಇಲ್ಲ. ಅದಕ್ಕೇ ಕಾಲೇಜಿನ ರಜೆಯಲ್ಲಿ ಬರೆಯುತ್ತಿದ್ದ ಹಾಗೆ ಕಾಗದ ಬರೆಯಲು ಕೂತಿದ್ದೇನೆ.

ನನ್ನ ಭಾವ ಭಾಸ್ಕರನ ಕಥೆ ನಿನಗೆ ಅರ್ಧ ಗೊತ್ತು. ನಮ್ಮ ಮಾಲಿನಿಯಕ್ಕ ಹೆರಿಗೆಯ ಬೆನ್ನಿಗೇ ಬಂದ ಜ್ವರದಲ್ಲಿ ಹೋದಳಲ್ಲ, ಆಗ ಅವನು ಕೂಸನ್ನು ಪಾರ್ಸೆಲ್ಲಿನ ಹಾಗೆ ಎರಡೂ ಕೈಯಲ್ಲಿ ಮುಂದೆ ಹಿಡಿದುಕೊಂಡು ನಮ್ಮ ಜಗಲಿಯಲ್ಲಿ ನಿಂತಿದ್ದ. ನಾನು ಕುಮಟೆಯ ಬಟ್ಟೆಯಂಗಡಿಯ ಕೆಲಸ ಬಿಟ್ಟು ಮಧುರಾಳನ್ನು ಮಡಿಲಿಗೆ ಹಾಕಿಕೊಂಡೆ. ಅವನು ಯಾವಾಗಲೋ ಒಮ್ಮೆ ಭಟ್ಕಳದಿಂದ ಬಂದು, ಚಾ ಕುಡಿದು, ಸಂತೆಯಲ್ಲಿ ಕುಂಬಳಕಾಯಿ ನೋಡಿದವರ ಹಾಗೆ ನೋಡಿ, “ಅಡ್ಡಿಲ್ಲ, ದಪ್ಪ ಆಗಿದೆ” ಎಂದು ಹೋಗುತ್ತಿದ್ದ. ತುಳಸಿ ಹಬ್ಬ ಕಳೆದ ಮೇಲೆ ಮಿರ್ಜಾನದ ಕಡೆಯ ಪೂರ್ಣಿಮಾ ಎಂಬವಳನ್ನು ಮದುವೆಯಾದ. ಆಗುತ್ತಲೇ ಆ ಮಹಾನುಭಾವನಿಗೆ ತಾನು ಅಪ್ಪ ಎಂಬುದು ನೆನಪಾಯಿತು.

ಅವನ ಫೋನು ಬಂತು. “ರೋಹಿಣಿ, ಭಾನುವಾರ ಎಲ್ಲರೂ ಒಂದು ರೌಂಡ್ ಹೋಗ್ವಾ. ಸಣ್ಣ ಮಕ್ಕಳಿಗೆ ಪ್ರಕೃತಿ ತೋರಿಸ್ಬೇಕಂತೆ, ಬುದ್ಧಿ ಬೆಳೀತದಂತೆ.”

ಹಳದೀಪುರದ ಕೂಸಿಗೆ ಪ್ರಕೃತಿ ತೋರಿಸಲು ಭಟ್ಕಳದಿಂದ ಕಾರು ಬರಬೇಕು. ನಮ್ಮ ಕೂಸು ದಿನಾ ತೆಂಗಿನ ಬುಡದಲ್ಲಿ ಕೂತು ಕಾಗೆಯ ಜೊತೆ ಮಾತಾಡುತ್ತದೆ, ಇರುವೆ ಹಿಡಿದು ಬಾಯಿಗೆ ಹಾಕಿಕೊಳ್ಳುತ್ತದೆ. ಆದರೆ ಅದು ವಿಡಿಯೋದಲ್ಲಿ ಬರುವುದಿಲ್ಲವಲ್ಲ. ಭಾವ ಈಗ ವಿಡಿಯೋ ಹಾಕುವ ಮನುಷ್ಯ. ಕೂಸಿನ ಜೊತೆ ಪ್ರವಾಸ ಹೋಗುವುದು ಹೇಗೆಂದು ಊರಿಗೆಲ್ಲ ಹೇಳಿಕೊಡುತ್ತಾನೆ, ಒಂದು ಸಲವೂ ಹೋಗದೆಯೇ.

ಕಾರಿನ ಡಿಕ್ಕಿ ನೀನು ನೋಡಬೇಕಿತ್ತು. ತಳ್ಳುಗಾಡಿ, ಮಡಚುವ ಡೇರೆ, ಎದೆಗೆ ಕಟ್ಟಿಕೊಳ್ಳುವ ಚೀಲ, ಬ್ಯಾಟರಿ ಫ್ಯಾನು. ಕೂಸಿಗೊಂದು ಕರಿ ಕನ್ನಡಕ ಬೇರೆ. ಅದನ್ನು ಹಾಕಿದರೆ ಮಧುರಾ ಕಣ್ಣಿನ ಆಪರೇಶನ್ ಆದ ಮುದುಕಿಯ ಹಾಗೆ ಕಾಣುತ್ತಿದ್ದಳು. ಪೂರ್ಣಿಮಾ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು ಸುಮ್ಮನೆ ನಗುತ್ತಿದ್ದಳು. ಮಾತಿಗಿಂತ ನಗುವೇ ಹೆಚ್ಚಾದ ಹೆಂಗಸು. ಅವಳನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲು ಹೊಳೆ ದಾಟಿ ಕಾಸರಕೋಡಿನ ಕಡಲಿಗೆ ಹೋದೆವು. ತಳ್ಳುಗಾಡಿಯ ಚಕ್ರ ಉಸುಕಿನಲ್ಲಿ ಹೂತುಹೋಯಿತು. ಭಾವ ಹಿಂದುಮುಂದಾಗಿ ನಿಂತು, ಹಠ ಹಿಡಿದ ದನವನ್ನು ಎಳೆಯುವ ಹಾಗೆ ಎಳೆದ. ಕೂಸು ಮಾತ್ರ ನನ್ನ ಸೊಂಟದ ಮೇಲಿತ್ತು. ಖಾಲಿ ಗಾಡಿಯನ್ನು ಅಷ್ಟು ದೂರ ಎಳೆದವನು ಈ ಕರಾವಳಿಯಲ್ಲಿ ಅವನೊಬ್ಬನೇ ಇರಬೇಕು. ಡೇರೆ ಬಿಡಿಸಿದ್ದೇ ತಡ, ಗಾಳಿಗೆ ಹಾರಿ ಹೋಯಿತು. ಆಚೆ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು ಅದನ್ನು ಹಿಡಿದು ತಂದು, “ನಿಮ್ಮ ಸೊಳ್ಳೆಪರದೆ ನಮ್ಮ ಬಂಗಡೆ ಮೇಲೆ ಬಿದ್ದಿತ್ತು, ತಕಳಿ” ಎಂದು ಕೊಟ್ಟಳು. ಬಹಳ ದಿನದ ಮೇಲೆ ನಾನು ಬಾಯಿ ತುಂಬ ನಕ್ಕೆ.

ನಕ್ಕದ್ದು ಅಷ್ಟೇ. ಭಾವ ಕೂಸನ್ನು ನನ್ನಿಂದ ಇಸಿದುಕೊಂಡು, ಒಂದು ಕೈಯಲ್ಲಿ ಅದನ್ನು, ಇನ್ನೊಂದರಲ್ಲಿ ಫೋನನ್ನು ಹಿಡಿದು ನೀರಿಗಿಳಿದ. “ಅಲ್ಲಿ ಬೇಡ ಭಾವ, ತೆರೆ ದೊಡ್ಡದಿದೆ” ಎಂದೆ. “ನಿಂಗೆ ಎಂತ ನೋಡಿದ್ರೂ ಹೆದರಿಕೆ” ಎಂದ. ತೆರೆ ಬಂತು. ಬೆಳ್ಳಿ, ನಾನು ಕಣ್ಣಾರೆ ನೋಡಿದೆ. ಅವನು ಮೊದಲು ಮೇಲೆ ಎತ್ತಿದ್ದು ಫೋನನ್ನು.

ಕೂಸು ಉಪ್ಪು ನೀರು ಕುಡಿದು ಕೆಮ್ಮಿತು. ಮುಖ ಕೆಂಪಾಗಿ ಉಸಿರೇ ಸಿಕ್ಕಿಕೊಂಡ ಹಾಗಾಯಿತು. ನಾನು ಓಡಿದೆ, ಆದರೆ ಪೂರ್ಣಿಮಾ ಹತ್ತಿರದಲ್ಲಿದ್ದಳು. ಗಂಡನ ಕೈಯಿಂದ ಕಿತ್ತುಕೊಂಡು, ಮೊಣಕೈ ಮೇಲೆ ಬೋರಲು ಹಾಕಿ ಬೆನ್ನು ತಟ್ಟಿದಳು. ಕೂಸು ಅವಳ ಹೊಸ ಚೂಡಿದಾರದ ಮೇಲೆಲ್ಲ ಕಾರಿಕೊಂಡಿತು, ಆಮೇಲೆ ದೊಡ್ಡದಾಗಿ ಅತ್ತಿತು. ಅವಳು ಬಟ್ಟೆಯ ಕಡೆ ನೋಡಲೂ ಇಲ್ಲ. ಗಾಳಿಮರದ ನೆರಳಿಗೆ ಹೋಗಿ ಕೂತು, ವೇಲಿನ ತುದಿ ಒದ್ದೆ ಮಾಡಿ ಅದರ ಬಾಯೊಳಗಿನ ಉಸುಕು ತೆಗೆದಳು.

“ಅಕ್ಕ, ಇದಕ್ಕೆ ಮಲಗುವಾಗ ಎಂತ ಹಾಡ್ತ್ರಿ ನೀವು?” ಎಂದು ಕೇಳಿದಳು.

“ಎಂತದೂ ಇಲ್ಲ” ಎಂದೆ. ಹೇಳುವ ಮನಸ್ಸಿರಲಿಲ್ಲ.

ಅವಳು ತನಗೆ ಬಂದ ಏನನ್ನೋ ಗುನುಗಿದಳು. ರಾಗವಿಲ್ಲ, ತಾಳವಿಲ್ಲ, ಕೆಟ್ಟ ಮಿಕ್ಸಿ ತಿರುಗಿದ ಹಾಗೆ. ಅದಕ್ಕೇ ನಿದ್ದೆ ಬಂದುಬಿಡಬೇಕೇ ಆ ಕೂಸಿಗೆ.

ಮುರ್ಡೇಶ್ವರದಲ್ಲಿ ಊಟವಾಯಿತು. ಶಿವನ ಮೂರ್ತಿಯ ಮುಂದೆ ಭಾವ ಫೋನನ್ನು ನನ್ನ ಕೈಗೆ ಕೊಟ್ಟು, “ನಮ್ಮ ಫ್ಯಾಮಿಲಿದು ಒಂದು ತೆಗೆ” ಎಂದ. ತೆಗೆದೆ. ಆ ಫೋಟೋದಲ್ಲಿ ಶಿವನೂ ಬಂದಿದ್ದಾನೆ, ಐಸ್‌ಕ್ರೀಮಿನ ಗಾಡಿಯೂ ಬಂದಿದೆ.

ಬಿಸಿಲಿಳಿದ ಮೇಲೆ ಭಟ್ಕಳದ ಅವನ ಮನೆಗೆ ಹೋದೆವು. ಒಳಗೆ ಹೊಸ ತೊಟ್ಟಿಲು. ಮಲಗಿದ್ದ ಕೂಸನ್ನು ಅದರಲ್ಲಿ ಹಾಕಿದರು. ಚಾ ಕುಡಿದು, “ಹೊರಡುವಾ ಭಾವ, ಥಂಡಿ ಬೀಳುವ ಮೊದಲು” ಎಂದೆ.

ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದ, “ಕೂಸು ಇನ್ನು ಇಲ್ಲೇ ಇರ್ಲಿ. ನಿನ್ನ ಬಸ್ ಸ್ಟ್ಯಾಂಡಿಗೆ ಬಿಡ್ತೆ.”

“ಅದರ ಬಟ್ಟೆಬರೆ?”

“ಅತ್ತೆ ಎಲ್ಲ ಕಟ್ಟಿ ಕೊಟ್ಟಿದ್ದಾರೆ. ಡಿಕ್ಕಿಯಲ್ಲಿ, ಡೇರೆಯ ಅಡಿಗಿದೆ.”

ಅಮ್ಮನಿಗೆ ಗೊತ್ತಿತ್ತು, ಬೆಳ್ಳಿ. ಬೆಳಿಗ್ಗೆ ನಾನು ಕೂಸಿಗೆ ಸ್ನಾನ ಮಾಡಿಸುವಾಗ ಅವಳು ಗಂಟು ಕಟ್ಟಿದ್ದಳು.

“ನಂಗೆ ಮೊದ್ಲೇ ಎಂತಕ್ಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀ ಅಳ್ತಿದ್ದೆ. ನೀ ಅತ್ತರೆ ಕೂಸೂ ಅಳ್ತಿತ್ತು. ಹೀಗಾದ್ರೆ ಎಲ್ಲರಿಗೂ ಸಲೀಸು, ಅಲ್ವಾ?”

ಪ್ರಕೃತಿಯಂತೆ, ಬುದ್ಧಿ ಬೆಳೆಯುವುದಂತೆ. ಮನೆಗೆ ಬಂದು, ಎದುರು ಕೂತು, “ನನ್ನ ಮಗಳನ್ನು ಕರೆದುಕೊಂಡು ಹೋಗ್ತೆ” ಎನ್ನುವ ಧೈರ್ಯ ಇಲ್ಲದೆ ಒಂದು ಕಡಲು, ಒಂದು ದೇವಸ್ಥಾನ, ಒಂದು ಊಟ ಅಡ್ಡ ಇಟ್ಟುಕೊಂಡಿದ್ದ ಹೇಡಿ.

ಪೂರ್ಣಿಮಾ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. “ನಿಮಗೆ ಹೇಳಿಯೇ ಕರ್ಕಂಡು ಬಂದದ್ದು ಅಂತ ನಂಗೆ ಅಂದಿದ್ರು ಅಕ್ಕ” ಎಂದಳು. ಆಮೇಲೆ ಗಂಡನನ್ನು ನೋಡಿದಳು. ಆ ನೋಟ ನನಗೆ ಗುರುತು ಸಿಕ್ಕಿತು, ನಾನೂ ಅವನನ್ನು ಹಾಗೇ ನೋಡುವುದು.

ಬಸ್ ಸ್ಟ್ಯಾಂಡಿಗೆ ಅವನ ಕಾರಿನಲ್ಲಿ ಹೋಗಲಿಲ್ಲ. ಪೂರ್ಣಿಮಾ ರಸ್ತೆಯವರೆಗೂ ನನ್ನ ಜೊತೆ ಬಂದಳು. ಅಲ್ಲಿ ಅವಳಿಗೆ ಹೇಳಿದೆ, “ಎಚ್ಚರಾದ್ರೆ ಕೂಡ್ಲೇ ಎತ್ತಬೇಡ, ಅಂಗಾಲು ತಿಕ್ಕು. ಹಾಡು ನಂಗೂ ಬರುದಿಲ್ಲ. ಬಸ್ ನಿಲ್ಲುವ ಊರಿನ ಹೆಸರು ಹೇಳ್ತಿದ್ದೆ. ಕುಮಟೆ, ಧಾರೇಶ್ವರ, ಹಳದೀಪುರ, ಕರ್ಕಿ, ಹೊನ್ನಾವರ. ಮಂಕಿ ಬರುವುದರೊಳಗೆ ಮಲಗ್ತದೆ.” ಅವಳು ಬಾಯಲ್ಲೇ ಒಂದು ಸಲ ಹೇಳಿಕೊಂಡಳು. ಕರ್ಕಿ ಬಿಟ್ಟಳು. ನಾನು ತಿದ್ದಿದೆ.

ಮನೆಗೆ ಬಂದಾಗ ಅಮ್ಮ, “ಊಟ ಆತಾ?” ಎಂದಷ್ಟೇ ಕೇಳಿದಳು. ಅಂದಿನಿಂದ ನಮ್ಮಿಬ್ಬರಿಗೆ ಅದಕ್ಕಿಂತ ಹೆಚ್ಚು ಮಾತಿಲ್ಲ.

ಇಷ್ಟು ಬರೆದ ಮೇಲೆ ಎದೆ ತುಸು ಹಗುರಾಯಿತು. ನಿನ್ನ ಮಕ್ಕಳಿಗೆ ನೆಗಡಿ ಜ್ವರ ಹತ್ತಿರ ಸುಳಿಯದಿರಲಿ, ನಿನ್ನ ಸಂಸಾರ ತಣ್ಣಗಿರಲಿ.

ನಿನ್ನ
ರೋಹಿಣಿ

ತಾ.ಕ.: ಒಂದು ಮಾತು ನಿನಗೂ ಮುಚ್ಚಿಟ್ಟಿದ್ದೆ. ಅಕ್ಕನ ಮಾಸಿಕ ಶ್ರಾದ್ಧಗಳು ಮುಗಿಯುವ ಮೊದಲೇ ಭಾವ ಅಮ್ಮನ ಹತ್ತಿರ ನನ್ನನ್ನು ಮದುವೆಗೆ ಕೇಳಿದ್ದ. ನಾನು ಬೇಡ ಎಂದೆ. ಅಂಥವನ ಜೊತೆ ಒಂದು ದಿನ ಬಾಳಲಾರೆ, ಈಗ ಬಂದು ಕೇಳಿದರೂ ಬೇಡವೆಂದೇ ಹೇಳುತ್ತೇನೆ. ಆದರೆ ನಾನು ಬೇಡ ಎಂದದ್ದು ಅವನನ್ನು, ಬೆಳ್ಳಿ. ಕೂಸನ್ನು ಬೇಡ ಎಂದಿರಲಿಲ್ಲ. ಅಂದು ಅವರು ಕೇಳಿದ್ದು ಎರಡನ್ನೂ ಸೇರಿಸಿಯೇ ಎಂದು ನನಗೆ ಯಾರೂ ಹೇಳಲಿಲ್ಲ.