ಅಕ್ಕನ ದವಡೆ ಹಲ್ಲು

ಅಕ್ಕಾ,

ಉಳಿಸಬಹುದಾದ ಹಲ್ಲನ್ನು ಕೀಳುವುದು ಅನ್ಯಾಯ. ಈ ಹಳ್ಳಿಯಲ್ಲಿ ಅದಕ್ಕೇ ಚಿಕಿತ್ಸೆ ಎಂದು ಹೆಸರು. ಕ್ಲಿನಿಕ್ ತೆರೆದು ಹನ್ನೊಂದು ದಿನವಾಯಿತು, ಇನ್ನೂ ಒಂದು ಹಲ್ಲನ್ನೂ ತುಂಬಿಲ್ಲ. ನಾನು ಹಂಚಿದ ಕರಪತ್ರಗಳಲ್ಲಿ ಅಂಗಡಿಯವನು ಸಕ್ಕರೆ ಕಟ್ಟಿಕೊಡುತ್ತಿದ್ದಾನೆ. ನಿನ್ನೆ ಬಟ್ಟೆ ಹೊಲಿಯುವ ಹುಡುಗಿಯೊಬ್ಬಳು ಹುಳುಕು ಹಿಡಿದ ಮುಂದಿನ ಹಲ್ಲು ತೋರಿಸಿ, "ಕೀಳೋಕೆ ಬರಲ್ಲ ಅಂತ ಬಾಯಿಬಿಟ್ಟು ಹೇಳಿ ಡಾಕ್ಟ್ರೇ, ಕಮ್ಮಾರನ ಹತ್ರ ಹೋಗ್ತೀನಿ" ಎಂದಳು. ತುಂಬಿಸಿದರೆ ಉಳಿಯುತ್ತದೆ ಎಂದೆ. "ಯಾರಿಗಾದ್ರೂ ತುಂಬಿ ತೋರ್ಸಿ. ಸೋಮವಾರದವರೆಗೂ ಕಾಯ್ತೀನಿ."

ನೀನು ಎರಡು ವರ್ಷದಿಂದ ಲವಂಗ ಇಟ್ಟು ಸಾಕುತ್ತಿರುವ ದವಡೆ ಹಲ್ಲು ನೆನಪಾಯಿತು. ನೋವಾಗುವುದಿಲ್ಲ, ನಿನ್ನಾಣೆ. ಕಿಟಕಿಯ ಪರದೆ ಮಾತ್ರ ಹಾಕುವುದಿಲ್ಲ, ಆ ಹುಡುಗಿ ನೋಡಬೇಕು.

ನನ್ನ ಕೆಮ್ಮು ವಾಸಿಯಾಗಿದೆ. ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ಇಲ್ಲಿಯ ಬಸ್ ನಿಲ್ದಾಣದಲ್ಲಿ ನಿಂತಿರುತ್ತೇನೆ.

ನಿನ್ನ ತಮ್ಮ